ಕಾಣೆಯಾದ 5,040 ಜೂಲ್ ಶಾಖದ ಕುರಿತು

ಇಂದ,
ಲಿ. ರಾಜಾಮಣಿ, ವಯಸ್ಸು 45,
ಖಾಸಗಿ ಅಭ್ಯರ್ಥಿ, ಪ್ಲಸ್ ಟು,
ಕರುಮತ್ತಂಪಟ್ಟಿ.

ಗೆ,
ಮುಖ್ಯಸ್ಥರು, ರಸಾಯನಶಾಸ್ತ್ರ ವಿಭಾಗ,
ವಾರಾಂತ್ಯ ಅಭ್ಯಾಸ ಕೇಂದ್ರ, ಸೂಲೂರು.

ವಿಷಯ: ಶಾಖಮಾಪನ ಪ್ರಯೋಗದಲ್ಲಿ ನನಗೆ ಬಂದ 38 ಡಿಗ್ರಿಯನ್ನು ಅಳಿಸದೆ, ಇನ್ನೊಮ್ಮೆ ಪ್ರಯೋಗ ಮಾಡಲು ಅವಕಾಶ ಕೋರಿ.

ಉಲ್ಲೇಖ: 1. ಕಳೆದ ಭಾನುವಾರದ ಪ್ರಯೋಗ ಸಂಖ್ಯೆ 4.
2. ಪ್ರಯೋಗಶಾಲೆಯ ಬೋಧಕ ಶ್ರೀ ನವನೀತನ್ ಅವರ ಮೌಖಿಕ ಸಲಹೆ.
3. ನನ್ನ ಅತ್ತೆ ಕಣ್ಣಮ್ಮನವರ ಮೌಖಿಕ ಟೀಕೆ.

ಮಾನ್ಯರೇ,

ತಾವು ಚಾಮರಾಜನಗರದ ಕಡೆಯವರಾದ ಕಾರಣ ಕನ್ನಡ ಓದಬಲ್ಲಿರಿ. ನಮ್ಮ ಮನೆಯಲ್ಲಿ ಕನ್ನಡ ಆಡುವವರು ನಾಲ್ವರು, ಓದುವವಳು ನಾನೊಬ್ಬಳೇ. ಆದ್ದರಿಂದ ಈ ಅರ್ಜಿಯನ್ನು ಅರ್ಧ ಬರೆದು ಟಿವಿಯ ಮೇಲಿಟ್ಟು ನಿಶ್ಚಿಂತೆಯಿಂದ ನೂಲು ಸುತ್ತಲು ಹೋಗಿ ಬಂದಿದ್ದೇನೆ ಎಂದು ಮೊದಲಿಗೇ ತಿಳಿಸುತ್ತೇನೆ.

1. ಸದರಿ ಪ್ರಯೋಗದಲ್ಲಿ ಥರ್ಮಾಕೋಲ್ ಲೋಟದಲ್ಲಿರುವ 28 ಡಿಗ್ರಿಯ ನೂರು ಗ್ರಾಂ ತಣ್ಣೀರಿಗೆ, 60 ಡಿಗ್ರಿಯ ನೂರು ಗ್ರಾಂ ಬಿಸಿನೀರನ್ನು ಸುರಿದು, ಮುಚ್ಚಳ ಹಾಕಿ, ಕಲಕಿ, ಉಷ್ಣಾಂಶ ನೋಡಬೇಕು. 43ರ ಆಸುಪಾಸು ಬರಬೇಕು. ನಾನು ಸುರಿದೆ. ಮುಚ್ಚಳ ಹಾಕಲಿಲ್ಲ. ಲೋಟವನ್ನು ಬಲಗೈಯಲ್ಲಿ ಎತ್ತಿ, ಖಾಲಿ ಬೀಕರನ್ನು ಎಡಗೈಯಲ್ಲಿ ತಗ್ಗಿಸಿ, ಒಂದು ಮೊಳ ಎತ್ತರದಿಂದ ಅತ್ತ ಸುರಿದು, ಇತ್ತ ಸುರಿದು, ಮತ್ತೆ ಅತ್ತ ಸುರಿದೆ.

2. ಇದು ಉದ್ದೇಶಪೂರ್ವಕವಲ್ಲ. ಕಾಫಿಯನ್ನು ಲೋಟದಿಂದ ಡವರಾ ಬಟ್ಟಲಿಗೂ ಡವರಾದಿಂದ ಲೋಟಕ್ಕೂ ಸುರಿದು ಆರಿಸುವುದನ್ನು ನಮ್ಮ ಕಡೆ ಆತ್ತುವುದು ಎನ್ನುತ್ತೇವೆ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಮೂರು ಹೊತ್ತು ಮಾವನವರಿಗೆ, ಅತ್ತೆಯವರಿಗೆ, ಯಜಮಾನರಿಗೆ ಬೇರೆಬೇರೆ ಬಿಸಿಗೆ ಆತ್ತಿಕೊಟ್ಟಿರುವ ಕೈಗೆ, ಎರಡು ಪಾತ್ರೆ ಸಿಕ್ಕಿದರೆ ಅದರ ಯಜಮಾನಿಯಾದ ನನ್ನ ಅಪ್ಪಣೆ ಬೇಕಿಲ್ಲ.

3. ಶ್ರೀ ನವನೀತನ್ ಓಡಿಬಂದು, "ಅಕ್ಕಾ, ಅದು ಕಾಪಿ ಅಲ್ಲ ಅಕ್ಕಾ, ಆತ್ತಬೇಡಿ," ಎಂದರು. ಅಷ್ಟರಲ್ಲಿ ಥರ್ಮಾಮೀಟರ್ 38 ತೋರಿಸುತ್ತಿತ್ತು. ಸೂತ್ರದ ಪ್ರಕಾರ ಬಿಸಿನೀರು ಕಳೆದುಕೊಂಡದ್ದು 9,240 ಜೂಲ್. ತಣ್ಣೀರು ಪಡೆದದ್ದು 4,200. ಉಳಿದ 5,040 ಜೂಲ್ ಸೂಲೂರಿನ ಗಾಳಿಗೆ ಹೋಗಿದೆ. ಅದನ್ನು ಹಿಂದಕ್ಕೆ ತರುವುದು ನನ್ನಿಂದಾಗದು.

4. ಆಗ ಅವರು ದನಿ ತಗ್ಗಿಸಿ, "ಪರವಾಯಿಲ್ಲ ಅಕ್ಕಾ, ನಲ್ವತ್ತಮೂರು ಅಂತ ಬರ್ದುಬಿಡಿ. ಎಲ್ಲಾರೂ ಅದನ್ನೇ ಬರ್ಯೋದು. ಮೂವತ್ತೆಂಟು ಅಂದ್ರೆ ಮೇಡಂ ಸಹಿ ಹಾಕಲ್ಲ," ಎಂದರು. ಮೇಡಂ ಎಂದರೆ ತಾವೇ. ಅವರ ಮನಸ್ಸು ಒಳ್ಳೆಯದು. ಅವರ ಮೇಲೆ ಕ್ರಮ ಬೇಡ. ಸಹಿ ಇಲ್ಲದ ರೆಕಾರ್ಡಿಗೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಪ್ಲಸ್ ಟು ಇಲ್ಲ, ಅದಿಲ್ಲದೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನನಗಾಗಿ ಜೂನ್‌ವರೆಗೆ ಹಿಡಿದಿಟ್ಟಿರುವ ಕೆಲಸವೂ ಇಲ್ಲ. ಯಜಮಾನರು ಒಪ್ಪಿರುವುದು ಒಂದೇ ಸಲಕ್ಕೆ. "ಒಂದು ತಡವೆ ಬರೆ. ಆಗಲಿಲ್ಲಾಂದ್ರೆ ವಿಟ್ಟುಬಿಡು," ಎಂದಿದ್ದಾರೆ.

5. ಇಷ್ಟೆಲ್ಲ ಗೊತ್ತಿದ್ದೂ ಪೆನ್ನಿನಲ್ಲಿ 38 ಎಂದೇ ಬರೆದೆ. ಕಾರಣ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಯಾರಾದರೂ "ಸರಿಯಾಗಿದೆ ತಾನೇ?" ಎಂದರೆ "ಸರಿಯಾಗಿದೆ" ಎನ್ನುವುದು ನನಗೆ ರೂಢಿ. ಯಾರೂ ಕೇಳದೆ, ನಾನೇ ಕಣ್ಣಿಟ್ಟು ನೋಡಿ, ಇಷ್ಟು ಎಂದು ಬರೆದದ್ದು ಅದೇ ಮೊದಲು. ಅದು ತಪ್ಪಾಗಿತ್ತು, ಆದರೂ ನನ್ನ ಕಣ್ಣು ಕಂಡದ್ದಾಗಿತ್ತು.

6. ದೋಷ ನನ್ನ ಕೈಯದೋ ಉಪಕರಣದ್ದೋ ಎಂದು ತಿಳಿಯಲು ಕೇಂದ್ರದಿಂದ ಎರವಲು ತಂದ ಥರ್ಮಾಮೀಟರಿನಿಂದ ಸೋಮವಾರ ಮನೆಯಲ್ಲಿ ಪೂರಕ ಪ್ರಯೋಗ ನಡೆಸಿದೆ. ಅತ್ತೆಯವರು, "ಏನು ಪುಳ್ಳೆ, ನೀರು ಕಾಯ್ಸೋದು ಕಲಿಯಕ್ಕೆ ಸೂಲೂರಿಗೆ ಬಸ್ಸಾ? ಇಲ್ಲಿ ಅಡುಪು ಇಲ್ವಾ?" ಎಂದರು (ಉಲ್ಲೇಖ 3; ಪುಳ್ಳೆ ಎಂದರೆ ಹುಡುಗಿ, ಅಡುಪು ಎಂದರೆ ಒಲೆ). ಯಜಮಾನರಿಗೆ ಕಾಫಿಯನ್ನು ಆತ್ತದೆ, 71 ಡಿಗ್ರಿಯಲ್ಲೇ ಇಟ್ಟೆ. ಅವರು ಲೋಟ ಮುಟ್ಟಿ ಬೆರಳನ್ನು ಕಿವಿಗೆ ಒತ್ತಿಕೊಂಡರು.

"ಏನು, ಆತ್ತಲಿಲ್ವಾ?"

"ಇಲ್ಲ. ನೀವೇ ಆತ್ತಿಕೊಳ್ಳಿ."

"ಕೈ ನೋವಾ?"

"ಅಲ್ಲ, ಪರೀಕ್ಷೆ."

"ಪರೀಕ್ಷೆ ನಿನಗಾ, ನನಗಾ?"

ಆದರೂ ಆತ್ತಿಕೊಂಡರು. ಎರಡನೇ ಸುರಿತದಲ್ಲಿ ಅಂಗಿಯ ಮೇಲೆ ಚೆಲ್ಲಿತು. ಅದು ವೀಕ್ಷಣೆಯಲ್ಲಿ ದಾಖಲಾಗಿದೆ.

7. ಎಲ್ಲರದೂ ಮುಗಿದ ಮೇಲೆ ನನ್ನ ಲೋಟಕ್ಕೂ ಥರ್ಮಾಮೀಟರ್ ಇಟ್ಟೆ. 31. ಅಡುಗೆಮನೆಯ ಗಾಳಿ 30. ಪುಸ್ತಕದಲ್ಲಿ ಇದನ್ನು ಉಷ್ಣ ಸಮತೋಲನ ಎನ್ನುತ್ತಾರೆ. ನಾನು ಇಷ್ಟು ವರ್ಷ ಇದನ್ನು ನನ್ನ ರುಚಿ ಎಂದುಕೊಂಡಿದ್ದೆ. ಮಂಗಳವಾರದಿಂದ ನನ್ನದನ್ನು ಮೊದಲು ಕುಡಿಯುತ್ತಿದ್ದೇನೆ. ನನಗೆ 58 ಡಿಗ್ರಿ ಇಷ್ಟ ಎಂದು ಈ ನಲವತ್ತೈದನೇ ವಯಸ್ಸಿನಲ್ಲಿ ತಿಳಿದುಬಂದಿದೆ. ಈ ಅಂಶಕ್ಕೆ ಅಂಕ ಕೋರುತ್ತಿಲ್ಲ.

ಈ ಎಲ್ಲ ಕಾರಣಗಳಿಂದ, ಮುಂದಿನ ಭಾನುವಾರ ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಲು ಅನುಮತಿ ನೀಡಬೇಕಾಗಿ ಕೋರುತ್ತೇನೆ. ಆಗ ಬಂದ ಅಂಕಿಯನ್ನು 38ರ ಕೆಳಗೆ ಬರೆಯುತ್ತೇನೆ. ಅದರ ಮೇಲೆ ಅಲ್ಲ.

ಹುಸಿ ಲೆಕ್ಕ ಬರೆಯಲಾರದ, ತಮ್ಮ ವಿದ್ಯಾರ್ಥಿನಿ,
ಲಿ. ರಾಜಾಮಣಿ

ಅಡಕ:
1. ರೆಕಾರ್ಡಿನ ಹದಿನೇಳನೇ ಪುಟದ ನಕಲು.
2. ಮನೆಯ ಪೂರಕ ಪ್ರಯೋಗದ ಪಟ್ಟಿ, ನಾಲ್ಕು ಲೋಟಗಳದ್ದು.
3. ಯಜಮಾನರ ಒಪ್ಪಿಗೆ ಪತ್ರ. (ಲಗತ್ತಿಸಿಲ್ಲ. ಅವರನ್ನು ಕೇಳಿಲ್ಲ.)

ಕೊನೆಯ ಮನವಿ: ಈ ಸಲ ಮುಚ್ಚಳ ಹಾಕುತ್ತೇನೆ. ಆದರೆ 43 ಬಂದೇ ಬರುತ್ತದೆಂದು ಭರವಸೆ ಕೊಡಲಾರೆ. ಬಂದದ್ದನ್ನು ಬರೆಯುತ್ತೇನೆ. ತಾವು ಅದರ ಕೆಳಗೆ ಸಹಿ ಹಾಕಬೇಕು.