ಅಣ್ಣಯ್ಯನ ದಾರಿಗೆ ಅಂಚುಕಲ್ಲು

ತಲ್ಲೂರಿನ ಸುತ್ತಮುತ್ತ ನನ್ನ ಅಣ್ಣಯ್ಯನ ಮನೆಗೆ ಇರುವಂಥ ದಾರಿ ಯಾವ ಧಣಿಯ ಮನೆಗೂ ಇಲ್ಲ. ಡಾಮರು ರಸ್ತೆಯಿಂದ ಅಂಗಳದವರೆಗೆ ಕಾರು ಬರುವಷ್ಟು ಅಗಲ, ಉದ್ದಕ್ಕೂ ಜಲ್ಲಿ! ಕಾರು ಇದೆಯೇ ಎಂದು ಮಾತ್ರ ಕೇಳಬೇಡಿ. ಅವನಿಗೆ ಸೈಕಲ್ಲು ಹೊಡೆಯಲೂ ಬಾರದು!

ಬೊಂಬಾಯಿಯ ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕುಳಿತು, ತಲೆ ಹಣ್ಣಾದ ಮೇಲೆ ಊರಿಗೆ ಬಂದವ. ಮದುವೆ ಆಗಲಿಲ್ಲ. ಇಡೀ ದಿನ ಜನಜಾತ್ರೆ ನೋಡಿದವನಿಗೆ ಇಲ್ಲಿ ಮನೆ ತುಂಬ ಅವನೊಬ್ಬನೇ. ಗದ್ದೆಯಂಚು ದಾಟಿದರೆ ತಂಗಿ ನಾನಿದ್ದೆ, ನಿಜ. ನನಗೂ ಸಂಸಾರ, ದನಕರು ಬೇಡವೇ? ಅವನು ಜಗಲಿಯಲ್ಲಿ ಕುಳಿತು ರಸ್ತೆ ನೋಡಿದ, ನೋಡಿದ. ಕೊನೆಗೆ ಹೊಳೆಯಿತಂತೆ: ದಾರಿ ಸರಿಯಿಲ್ಲ, ಅದಕ್ಕೇ ಯಾರೂ ಬರುತ್ತಿಲ್ಲ!

ಜಲ್ಲಿ ಹಾಸುವಾಗ ಕೇಳಿದೆ, "ಕಾರ್ ಯಾರ್ದ್ ಅಣ್ಣಯ್ಯ?"

"ಬಪ್ಪವ್ರದ್ದ್." ಬರುವವರದ್ದಂತೆ!

"ಬಪ್ಪವ್ರ್ ಯಾರ್?"

"ದಾರಿ ಮಾಡುದ್ ನನ್ ಕೆಲ್ಸ ಹೆಣೆ, ಬಪ್ಪುದ್ ಅವ್ರ್ ಕೆಲ್ಸ!"

ಜನ ಬರಲಿಲ್ಲ, ಮಳೆ ಬಂತು. ಜಲ್ಲಿಯೆಲ್ಲ ಜಾರಿ ನಮ್ಮ ಗದ್ದೆ ಸೇರಿತು. ಹೂಡುತ್ತಿದ್ದ ಆಳು ನೇಗಿಲು ನಿಲ್ಲಿಸಿ ಕೂಗಿದ, "ಹ್ವಾಯ್, ನಿಮ್ಮಣ್ಣಯ್ಯನ್ ದಾರಿ ಗದ್ದಿಗ್ ಬಂದ್ ಮನಿಕಂಡಿತ್!"

ಅಂಚು ಕಟ್ಟದೆ ಗತಿಯಿಲ್ಲ. ಮೊದಲು ತೆಂಗಿನ ಮರ ಸೀಳಿ ಇಟ್ಟ. ಗೆದ್ದಲಿಗೆ ಹಬ್ಬದೂಟ! ಆಮೇಲೆ ಕೆಂಪು ಮುರಕಲ್ಲು ತರಿಸಿದ. ಹುರಿ ಎಳೆದು, ಹೊಂಡ ತೋಡಿ, ಅರ್ಧ ನೆಲದೊಳಗೆ ಅರ್ಧ ಮೇಲೆ ಬರುವಂತೆ ಒಂದೊಂದನ್ನೇ ನಿಲ್ಲಿಸಿದ. ಕೂದಲೆಳೆಯಷ್ಟು ವಾರೆಯಾದರೆ ಕೀಳುವುದು, ಮತ್ತೆ ಹುಗಿಯುವುದು. ಮಗುವಿಗೆ ಅಂಗಿ ತೊಡಿಸಿದಷ್ಟು ನಾಜೂಕು! ಕೊನೆಗೆ, ಬೊಂಬಾಯಿಯ ಬಂಗಲೆಗಳ ಎದುರು ಕಂಡಂತೆ, ಕಲ್ಲಿನ ಮೈಗೆ ಸುಣ್ಣ, ನೆತ್ತಿಗೆ ಕೆಂಪು ಬಣ್ಣ.

ನಮ್ಮೂರಿನಲ್ಲಿ ಅಂಥ ಕಲ್ಲು ನೆಟ್ಟಗೆ ನಿಂತಿದ್ದರೆ ಜನ ಏನೆಂದುಕೊಳ್ಳುತ್ತಾರೆ, ನೀವೇ ಹೇಳಿ?

ಮರುದಿನ ಬೆಳಿಗ್ಗೆ ಮೊದಲ ಕಲ್ಲಿನ ಮೇಲೆ ದಾಸವಾಳ! ಅದರ ಮರುದಿನ ಒಡೆದ ತೆಂಗಿನಕಾಯಿ! ಹಾದುಹೋಗುವವರು ಚಪ್ಪಲಿ ಬಿಟ್ಟು ಕೈಮುಗಿದು, ದಾರಿ ಮೆಟ್ಟದೆ ಗದ್ದೆಯಲ್ಲಿ ಸುತ್ತಿ ನಡೆದರು. ದಿನಾ ಬಾಗಿಲಿಗೆ ಬರುತ್ತಿದ್ದ ಮೀನಿನವಳು ರಸ್ತೆಯಲ್ಲೇ ನಿಂತಳು.

"ದೇವ್ರ್ ಕಲ್ಲಿನ್ ನಡು ಮೀನ್ ಹೊತ್ಕಂಡ್ ಹ್ಯಾಂಗ್ ಬಪ್ಪುದ್ ಅಯ್ಯ?"

"ಅದ್ ಬರೀ ಕಲ್ಲ್ ಮಾರಾಯ್ತಿ!"

"ಎಲ್ಲಾ ದೇವ್ರೂ ಮೊದ್ಲ್ ಬರೀ ಕಲ್ಲೇ ಅಲ್ದಾ?"

ಬರುತ್ತಿದ್ದ ಒಬ್ಬಳೂ ತಪ್ಪಿದಳು. ಕಲ್ಲು ಕಿತ್ತರೆ ಜಲ್ಲಿ ಹೋಗುತ್ತದೆ, ಇಟ್ಟರೆ ಜನ ಬರುವುದಿಲ್ಲ. ಅವನು ಮತ್ತೆ ಜಗಲಿಯಲ್ಲಿ ಕುಳಿತ.

ಅಷ್ಟರಲ್ಲಿ ಕುಂದಾಪುರದಲ್ಲಿ ನನ್ನ ಮಗಳಿಗೆ ಹೆರಿಗೆಯಾಯಿತು. ಗಂಡು! ನನ್ನ ಮೊಮ್ಮಗ! ಆ ಮೂಗು, ಆ ಪುಟ್ಟ ಮುಷ್ಟಿ... ವರ್ಣಿಸಲು ನಾನು ಕಲಿತ ಅಕ್ಷರ ಎಲ್ಲಿ ಸಾಕು, ಬಿಡಿ! ಕರೆದುಕೊಂಡು ಬರುವ ದಿನ ಆಕಾಶ ಹರಿದಂಥ ಮಳೆ. ಬಾಣಂತಿಯನ್ನು ಜಾರುವ ಗದ್ದೆಯಂಚಿನಲ್ಲಿ ನಡೆಸುವುದು ಹೇಗೆ? ಮಳೆ ಇಳಿಯುವವರೆಗೆ ಅಣ್ಣಯ್ಯನ ಮನೆಯೇ ಸೈ ಎಂದು ಬಾಡಿಗೆ ಕಾರನ್ನು ಅತ್ತ ತಿರುಗಿಸಲು ಹೇಳಿದೆ.

ಡ್ರೈವರ ಕಲ್ಲುಗಳನ್ನು ಕಂಡದ್ದೇ ಗಕ್ಕನೆ ನಿಲ್ಲಿಸಿದ. "ಅಮ್ಮಾ, ಹೆತ್ತ ಸೂತಕ ಕಳ್ದಿಲ್ಲೆ. ದೇವ್ರ್ ನಡು ನಾ ಗಾಡಿ ಹೊಡುದಿಲ್ಲೆ."

ನಾನು ಗೋಗರೆದೆ. ಅವನು ಜಗ್ಗಲಿಲ್ಲ.

ಜಗಲಿಯಿಂದ ಅಣ್ಣಯ್ಯ ನೋಡಿದ. ತನ್ನ ದಾರಿಯ ಬಾಯಲ್ಲಿ ಕಾರು! ಕೊಡೆಯನ್ನೂ ಹಿಡಿಯದೆ ಹಾರೆ ಹಿಡಿದು ಓಡಿ ಬಂದ. ಎಷ್ಟೋ ಸಲ ಕಿತ್ತು ನೆಟ್ಟಗೆ ಮಾಡಿದ್ದ ಆ ಮೊದಲ ಕಲ್ಲನ್ನು ಒಂದೇ ಮೀಟಿಗೆ ಎಬ್ಬಿಸಿ ಉರುಳಿಸಿದ. ಚಪ್ಪಲಿ ಕಾಲಲ್ಲೇ ಅದರ ಮೇಲೆ ಹತ್ತಿ ನಿಂತ.

"ಕಾಣ್! ದೇವ್ರಾದ್ರೆ ನನ್ ಕಾಲ್ ಮುರೀಲಿ!"

ಕಾಲು ಮುರಿಯಲಿಲ್ಲ. ಅವನು ಎರಡನೆಯ ಕಲ್ಲಿಗೂ ಹಾರೆ ಇಟ್ಟ. "ಸಾಕ್, ಸಾಕ್ ಅಯ್ಯ!" ಎಂದು ಡ್ರೈವರ ಗಾಡಿ ಹೊರಡಿಸಿದ. ಚಕ್ರದಡಿಯಲ್ಲಿ ಜಲ್ಲಿ ಕರಕರ ಎಂದಿತು. ಅಣ್ಣಯ್ಯ ಮಳೆಯಲ್ಲಿ ಕಾರಿನ ಪಕ್ಕದಲ್ಲೇ ಓಡಿದ.

ಮಗಳು ಮಗುವನ್ನೆತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಳು. ಅಣ್ಣಯ್ಯ ಹೊಸ್ತಿಲಿಗೆ ಅಡ್ಡವಾಗಿ ನಿಂತವ ಸರಿಯಲೇ ಇಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿದ.

"ಹೆಣೆ, ಮನಿಗ್ ಬಂದವ್ರ್ ಹತ್ರ ಮೊದ್ಲ್ ಎಂತ ಹೇಳ್ಬೇಕ್?"