ವಾರ್ಮಪ್ ಮೇಷ್ಟ್ರ ಬಲಗಾಲು

ಭಾಮೈದ ಆ ಮಾತು ಆಡಬಾರದಿತ್ತು. "ಬಿಡಿ ಭಾವ, ಆ ಶಾಟು ನಿಮ್ಮ ವಯಸ್ಸಿನವರಿಗಲ್ಲ" ಅಂದುಬಿಟ್ಟ. ಬ್ಯಾಡ್ಮಿಂಟನ್ ಕೋರ್ಟಿನ ಪಕ್ಕದ ಬೆಂಚಿನಲ್ಲಿ ತಮ್ಮ ಪಾಡಿಗೆ ಕೂತಿದ್ದ ಮೇಷ್ಟ್ರಿಗೆ ರೋಷ ನೆತ್ತಿಗೇರಿತು. ಕೆಲಸದ ಪ್ಯಾಂಟಿನಲ್ಲೇ ಎದ್ದು, ಬ್ಯಾಟು ಕಿತ್ತುಕೊಂಡು, ಮೇಲಿಂದ ಬಂದ ಕಾಕ್‌ಗೆ ಹಾರಿಯೇ ಹಾರಿದರು. ಕಾಕ್ ಬಲೆ ದಾಟಿ ಬಿತ್ತು. ಬಲಗಾಲ ಮೀನಖಂಡದಲ್ಲಿ ಏನೋ ಟಪ್ ಅಂತು.

"ಪಾಯಿಂಟ್ ನಿಮ್ಮದೇ ಭಾವ!" ಅಂತ ಅವನು ಕೂಗಿದ. ಆ ಪಾಯಿಂಟು ತಗೊಂಡು ಅವರೇನು ಮಾಡಬೇಕು?

ಬೇರೆ ಯಾರಿಗಾದರೂ ಹೀಗಾಗಿದ್ದರೆ ಎಣ್ಣೆ ಹಚ್ಚಿಕೊಂಡು ಸುಮ್ಮನಿರುತ್ತಿದ್ದರೇನೋ. ಆದರೆ ಮೇಷ್ಟ್ರು ಆಟಗಾರರ ಪೆಟ್ಟಿಗೆ ಮದ್ದು ಮಾಡುವ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ರೋಗಿಗೆ ಹೇಗೆ ತಿಳಿಹೇಳಬೇಕು ಅಂತ ಹೊಸಬರಿಗೆ ಕಲಿಸುವವರು. ಮೈ ಬಿಸಿ ಮಾಡಿಕೊಳ್ಳದೆ ಆಡಬೇಡಿ ಅಂತ ಹೇಳಿ ಹೇಳಿಯೇ 'ವಾರ್ಮಪ್ ಮೇಷ್ಟ್ರು' ಅಂತ ಹೆಸರು ಬಿದ್ದಿತ್ತು. ಸಾಲದ್ದಕ್ಕೆ ಮಾರನೆಯ ದಿನ ಮೇಷ್ಟ್ರ ಪಾಠ ನೋಡಲು ಆಸ್ಪತ್ರೆಯ ದೊಡ್ಡ ಮೇಡಮ್ ಬರುವವರಿದ್ದರು. ಮೆಚ್ಚಿದರೆ ಮುಖ್ಯ ತರಬೇತುದಾರರ ಕುರ್ಚಿ ಅವರದು. ಆ ಮೇಡಮ್ಮಿಗೆ ಈ ಟಪ್ ಅಂದಿದ್ದು ಗೊತ್ತಾದರೆ? ಕುರ್ಚಿ ಹಾಳಾಗಲಿ, ಮುಖ ತೋರಿಸುವುದು ಹೇಗೆ?

ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ತಿರುವಿನಲ್ಲಿ ದೊಡ್ಡ ಪೋಸ್ಟರು. ಅದರಲ್ಲಿ ಬೆರಳೆತ್ತಿ ನಿಂತವರು ಸಾಕ್ಷಾತ್ ಮೇಷ್ಟ್ರೇ: 'ಮೈ ಬಿಸಿಯಾಗದೆ ಮೈದಾನಕ್ಕಿಳಿಯಬೇಡಿ!' ಮೇಷ್ಟ್ರು ತಮ್ಮ ಫೋಟೋದ ಕಣ್ಣು ತಪ್ಪಿಸಿಕೊಂಡು ಹತ್ತಿದರು.

ರಿಸೆಪ್ಷನ್ನಿನ ಅಕ್ಕ ಮೇಲಿಂದಲೇ ಕೇಳಿದಳು: "ಏನ್ಸಾರ್, ಮೆಟ್ಲಿಗೆ ನೋವಾಗದ ಹಾಗೆ ಹತ್ತುತಾ ಇದ್ದೀರಲ್ಲ?"

"ಶೂ ಕಣಮ್ಮ. ಕಚ್ತಾ ಇದೆ."

"ಹೋದ ವರ್ಷದ್ದಲ್ವಾ ಅದು?"

"ಈ ವರ್ಷ ಕಚ್ಚೋಕೆ ಶುರು ಮಾಡಿದೆ."

ಪಾಠವನ್ನು ಕೂತೇ ಮಾಡಿ ಮುಗಿಸುವುದು ಅಂತ ಅವರು ನಿರ್ಧರಿಸಿದ್ದರು. ಶುರುವೇನೋ ಚೆನ್ನಾಗಿಯೇ ಆಯಿತು, ಮೇಡಮ್ ಮಾತ್ರ ಇನ್ನೂ ಬಂದಿರಲಿಲ್ಲ. "ರೋಗಿಯನ್ನ ಬೈಬೇಡಿ. ಪ್ರೀತಿಯಿಂದ ಕೇಳಿ. ನೀವು ಹೇಳಿದ್ದನ್ನ ಅವರ ಬಾಯಲ್ಲೇ ವಾಪಸ್ ಹೇಳಿಸಿ. ಆಗಲೇ ಗೊತ್ತಾಗೋದು, ತಲೆಗೆ ಹೋಯ್ತೋ ಇಲ್ವೋ ಅಂತ."

"ಸರ್, ಮೀನಖಂಡದ ಎಕ್ಸರ್ಸೈಜ್ ಒಂದ್ಸಲ ಮಾಡಿ ತೋರಿಸ್ತೀರಾ? ಒಂಟಿ ಕಾಲಲ್ಲಿ ತುದಿಬೆರಳ ಮೇಲೆ ನಿಲ್ಲೋದು?" ಅಂದಳು ಮುಂದಿನ ಸಾಲಿನ ಕನ್ನಡಕದ ಹುಡುಗಿ.

ಎಡಗಾಲ ಮೇಲೆ ನಿಂತರಾಯಿತು ಅಂದುಕೊಂಡು ಮೇಷ್ಟ್ರು ಎದ್ದರು. ಅಭ್ಯಾಸಬಲ ನೋಡಿ, ನಿಂತಿದ್ದು ಬಲಗಾಲ ಮೇಲೆ.

"ಅಯ್ಯಯ್ಯಪ್ಪಾ!" ಅಂತ ನೆಲ ಹಿಡಿದರು.

ಹೊಸಬರೆಲ್ಲ ಮುತ್ತಿಕೊಂಡರು. ಕನ್ನಡಕದ ಹುಡುಗಿ ಪ್ಯಾಂಟು ಮಡಚಿ, ಊದಿದ ಮೀನಖಂಡವನ್ನು ಮೆಲ್ಲಗೆ ಒತ್ತಿ ನೋಡಿದಳು. ಒಬ್ಬ ಐಸ್ ಚೀಲ ತಂದ, ಇನ್ನೊಬ್ಬ ಕಾಲಿನ ಕೆಳಗೆ ದಿಂಬಿಟ್ಟ, ಮತ್ತೊಬ್ಬಳು ಬ್ಯಾಂಡೇಜು ಸುತ್ತಿದಳು. ಹಿಂದಿನ ದಿನ ಬ್ಯಾಡ್ಮಿಂಟನ್ ಆಡಿದ್ದನ್ನು ಮೇಷ್ಟ್ರು ಬಾಯಿಬಿಡಲೇಬೇಕಾಯಿತು.

"ಆಡೋ ಮುಂಚೆ ವಾರ್ಮಪ್ ಮಾಡಿದ್ರಾ ಸರ್?" ಹುಡುಗಿ ಪ್ರೀತಿಯಿಂದಲೇ ಕೇಳಿದಳು.

"ಒಂದೇ ಒಂದು ಶಾಟು ಹೊಡೆದಿದ್ದು ಕಣಮ್ಮ..."

"ಎಲ್ಲರೂ ಹಾಗೇ ಅಂತಾರೆ ಸರ್. ನೋವು ಪೂರ್ತಿ ಹೋಗೋವರೆಗೂ ಹಾರೋ ಹಾಗಿಲ್ಲ. ಎಲ್ಲಿ, ನಾನು ಹೇಳಿದ್ದನ್ನ ನಿಮ್ಮ ಬಾಯಲ್ಲಿ ಹೇಳಿ ನೋಡೋಣ?"

"ನೋವು ಹೋಗೋವರೆಗೂ ಹಾರಲ್ಲ. ವಾರ್ಮಪ್ ಮಾಡದೆ ಬ್ಯಾಟು ಮುಟ್ಟಲ್ಲ," ಅಂದರು ಮೇಷ್ಟ್ರು. ನಾಚಿಕೆಯಿಂದ ಕಿವಿಯೆಲ್ಲ ಕೆಂಪಾಗಿತ್ತು.

"ಏನು ನಡೀತಿದೆ ಇಲ್ಲಿ?" ಬಾಗಿಲಲ್ಲಿ ದೊಡ್ಡ ಮೇಡಮ್.

ಮೇಷ್ಟ್ರ ಜೀವ ಬಾಯಿಗೆ ಬಂತು. ಅದರ ಜೊತೆಗೇ ಒಂದು ಸುಳ್ಳೂ ಬಂತು. "ಪೇಷಂಟ್ ಪಾರ್ಟು ಮಾಡ್ತಾ ಇದ್ದೆ ಮೇಡಮ್! ಮಾತು ಕೇಳದ ಆಟಗಾರ ಹೇಗಿರ್ತಾನೆ ಅಂತ ಇವರಿಗೆ ತೋರಿಸಬೇಕಿತ್ತು."

ಹೊಸಬರಿಂದ ಚಪ್ಪಾಳೆಯೋ ಚಪ್ಪಾಳೆ.

"ಅಬ್ಬಾ ಸರ್, ನಾವು ನಿಜ ಅಂತಾನೇ ನಂಬಿಬಿಟ್ವಿ! ಊತ ಹೇಗೆ ತರಿಸಿದ್ರಿ?" ಅಂದಳು ಹುಡುಗಿ.

"ಅಭ್ಯಾಸ," ಅಂದರು ಮೇಷ್ಟ್ರು.

ಪಾರ್ಟು ಮುಗಿದ ಮೇಲೆ ಬ್ಯಾಂಡೇಜು ಯಾಕೆ? ಸರಸರ ಬಿಚ್ಚಿ ಸುತ್ತಿಟ್ಟರು. ದಿಂಬು ಹೋಯಿತು, ಐಸ್ ಚೀಲ ಫ್ರಿಜ್ಜಿಗೆ ವಾಪಸಾಯಿತು. ಮೇಡಮ್ ಮೇಷ್ಟ್ರನ್ನು ಕೈಹಿಡಿದು ಎಬ್ಬಿಸಿ ಕಾರಿಡಾರಿನ ಉದ್ದಕ್ಕೂ ನಡೆಸಿಕೊಂಡು ಹೋದರು. ಮೇಷ್ಟ್ರು ಹಲ್ಲು ಕಚ್ಚಿಕೊಂಡು, ಅದನ್ನೇ ನಗು ಅನ್ನುವ ಹಾಗೆ ತೋರಿಸುತ್ತಾ, ನೆಟ್ಟಗೆ ನಡೆದರು.

"ಇಷ್ಟು ಚೆನ್ನಾಗಿ ಪಾಠ ಮಾಡಿದವರನ್ನ ನಾನು ನೋಡೇ ಇಲ್ಲ ರೀ. ಕುರ್ಚಿ ನಿಮ್ಮದೇ ಅಂದ್ಕೊಳ್ಳಿ," ಅಂದರು ಮೇಡಮ್. ಮೇಷ್ಟ್ರಿಗೆ ಕಾಲುನೋವು ಅರ್ಧ ಇಳಿದಂತಾಯಿತು.

"ನಾಳೆ ಇನ್ನೊಂದು ಬ್ಯಾಚಿದೆ. ನಮ್ಮ ಟ್ರಸ್ಟಿನವರೂ ನೋಡೋಕೆ ಬರ್ತಾರೆ, ಅವರು ಒಪ್ಪಿದ್ರೆ ಆಯ್ತು. ಇದೇ ಪಾರ್ಟು ಮಾಡಿಬಿಡಿ. ಆದರೆ ಈ ಮಕ್ಕಳು ಸುಮ್ನೆ ಇರ್ತಾರಾ, ಬಲಗಾಲು ಅಂತ ಆ ಬ್ಯಾಚಿನವರಿಗೆ ಹೇಳಿಬಿಟ್ಟಿರ್ತಾರೆ. ಅದಕ್ಕೇ ನಾಳೆ ಬಲಗಾಲು ಗಟ್ಟಿಯಾಗಿರಲಿ, ಎಡಗಾಲು ಕುಂಟಲಿ. ಹಾಂ, ಊತ ಮರೀಬೇಡಿ. ಅದೇ ನಂಗೆ ತುಂಬಾ ಹಿಡಿಸಿದ್ದು!"

ಸಂಜೆ ಗೋಡೆ ಹಿಡಿದು ಹಿಡಿದು ಮನೆ ಸೇರಿದರೆ ಗೇಟಿನಲ್ಲೇ ಭಾಮೈದ, ಎರಡು ಬ್ಯಾಟು ಹಿಡಿದು ನಿಂತಿದ್ದ.

"ಬೇಜಾರು ಮಾಡ್ಕೋಬೇಡಿ ಭಾವ. ಇವತ್ತು ನಿಧಾನಕ್ಕೆ ಆಡೋಣ. ಮೊದಲು ಚೆನ್ನಾಗಿ ವಾರ್ಮಪ್ ಮಾಡ್ಕೊಳ್ಳಿ, ನಾನು ಕಾಯ್ತೀನಿ."

ಮೇಷ್ಟ್ರು ತಮ್ಮ ಎಡಗಾಲನ್ನು ಒಂದು ಸಲ ನೋಡಿಕೊಂಡರು. ಪಾಪ, ಏನೂ ಅರಿಯದ ಕಾಲು. ನಿಟ್ಟುಸಿರು ಬಿಟ್ಟು ಬ್ಯಾಟಿಗೆ ಕೈ ಚಾಚಿದರು.

"ವಾರ್ಮಪ್ ಬೇಡ ಕಣೋ. ಕಾಕ್ ಸ್ವಲ್ಪ ಎತ್ತರಕ್ಕೆ ಹಾಕು."