ಶಂಕ್ರೆವ್ವ ಆರಿಸಿದ ಖೋಲಿ

ಬಚ್ಚಲದಲ್ಲಿ ಜಾರಿ ಬಿದ್ದವಳು ಶಂಕ್ರೆವ್ವ. ಓಣಿಯವರ ಬಾಯಿಗೆ ಬಿದ್ದವನು ಅವಳ ಮಗ ರಾಚಪ್ಪ.

ಎಪ್ಪತ್ತೆಂಟರ ಮುದುಕಿಗೆ ಮೊಳಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಕಾಲುಗಂಟೆ ಕೂಗಿದರೂ ಯಾರಿಗೂ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಬನಹಟ್ಟಿಯ ಆ ಮನೆಯ ಪಡಸಾಲೆಯಲ್ಲಿ ರಾಚಪ್ಪನ ನಾಲ್ಕು ಪಾವರ್‌ಲೂಮ್ ಮಗ್ಗಗಳು ಖಟಕ್ ಖಟಕ್ ಎಂದು ಕುಣಿಯುತ್ತಿದ್ದವು. ಎಡಕ್ಕೆ ಧರೆಪ್ಪನವು ಆರು, ಬಲಕ್ಕೆ ಮಾಯವ್ವನ ಮನೆಯವು ಎಂಟು. ಆ ಓಣಿಯಲ್ಲಿ ಗಂಡಹೆಂಡಿರ ಜಗಳ ಕೂಡ ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಪುಣ್ಯಕ್ಕೆ ಕರೆಂಟ್ ಹೋಯಿತು, ಮಗ್ಗ ನಿಂತವು, ಅವ್ವನ ದನಿ ಕೇಳಿತು.

ಅಂದಿನಿಂದ ರಾಚಪ್ಪನ ಎದೆಯಲ್ಲಿ ಒಂದೇ ಗುಂಗು. ಹೆಂಡತಿ ಮಂಗಲಾ ಚಿಮ್ಮಡದ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮುಂದಿನ ಸಲ ಅವ್ವ ಬಿದ್ದಾಗ ಕರೆಂಟ್ ಹೋಗದಿದ್ದರೆ?

ಜಮಖಂಡಿಯ ಹೊರಗೆ 'ತಂಪುನೆರಳು' ಎಂಬ ಹಿರಿಯರ ಮನೆ ಹೊಸದಾಗಿ ತೆರೆದಿತ್ತು. ಹೊತ್ತಿಗೆ ಊಟ, ಹೊತ್ತಿಗೆ ಗುಳಿಗೆ, ಜಳಕಕ್ಕೆ ಹೋಗುವಾಗ ಕೈ ಹಿಡಿಯುವವರು, ಹಾಸಿಗೆಯ ಬಳಿ ಗಂಟೆ. ಅದರ ಕರಪತ್ರವನ್ನು ರಾಚಪ್ಪ ಎರಡು ದಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದ. ಮೂರನೆಯ ದಿನ ಬೆಳಿಗ್ಗೆ ಅವ್ವನೇ ಕೈ ಚಾಚಿದಳು.

"ಕಿಸೇದಾಗ ಏನೈತಿ ತೋರಸೋ. ಎರಡ ದಿನದಿಂದ ಎದಿ ಮುಟ್ಟಕೋಳಾಕತ್ತಿ."

ಓದಿಸಿಕೊಂಡು ಪೂರಾ ಕೇಳಿದಳು. ಅತ್ತಾಳು ಎಂದುಕೊಂಡಿದ್ದ ರಾಚಪ್ಪನಿಗೆ ಅವಳ ಮಾತು ಕೇಳಿ ತಾನೇ ಅಳುವಂತಾಯಿತು.

"ಛಲೋ ಐತಿ. ಆದರ ನಾ ನೋಡಿ ಒಪ್ಪಬೇಕು. ಇವತ್ತ ಊಟದ ಹೊತ್ತಿಗೇ ಹೋಗೂಣು. ಹೇಳಿ ಹೋಗೂದು ಬ್ಯಾಡ. ಹೇಳಿ ಹೋದರ ಎಲ್ಲಾರೂ ಹೋಳಿಗಿ ಮಾಡತಾರ."

ಹೊಸ್ತಿಲು ದಾಟುವಷ್ಟರಲ್ಲಿ ಸುದ್ದಿ ಓಣಿ ಮುಟ್ಟಿ, ಮಾಯವ್ವ ತೆಂಗಿನಕಾಯಿ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಉಡಿ ತುಂಬುತ್ತ ಗೋಳೋ ಎಂದಳು. "ಹೊಂಟೆಲ್ಲ ಬೇ ಯಕ್ಕಾ!"

"ಹೆತ್ತಾಕೀನ ಬಿಡಾಕ ಮನಸರ ಹೆಂಗ ಬಂತಲೇ?" ಎಂದ ಧರೆಪ್ಪ.

"ಏ ಮಾಯವ್ವಾ, ನಾ ಗಂಡನ ಮನಿಗೆ ಹೊಂಟಿಲ್ಲ, ಖೋಲಿ ನೋಡಾಕ ಹೊಂಟೇನಿ," ಎಂದಳು ಶಂಕ್ರೆವ್ವ. "ಕಾಯಿ ಇರಲಿ, ಚಟ್ನಿಗೆ ಆಗತೈತಿ."

ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಮೂವರು ರಾಚಪ್ಪನಿಗೆ ಬುದ್ಧಿ ಹೇಳಿದರು. ಟಿಕೆಟು ಹರಿಯುತ್ತ ಕಂಡಕ್ಟರನೂ ಒಂದೆರಡು ಮಾತು ಸೇರಿಸಿದ.

'ತಂಪುನೆರಳಿ'ನ ಮೇಲ್ವಿಚಾರಕಿ ಸರಿತಾ ನಗುತ್ತ ಬರಮಾಡಿಕೊಂಡಳು. ಶಂಕ್ರೆವ್ವ ಅರವತ್ತು ವರ್ಷ ಬಟ್ಟೆ ನೇಯ್ದವಳು; ಬಟ್ಟೆ ನೋಡುವ ಹಾಗೆಯೇ ಮನೆ ನೋಡಿದಳು. ಎಳೆದು ನೋಡಿದಳು, ತೋಯಿಸಿ ನೋಡಿದಳು. ಬಚ್ಚಲದಲ್ಲಿ ಒಂದು ಕೊಡ ನೀರು ಸುರುವಿ, "ರಾಚಪ್ಪಾ, ನಡದ ತೋರಸು," ಎಂದಳು. ಅವನು ನಡೆದ, ಜಾರಲಿಲ್ಲ. ಗೋಡೆಯ ಹಿಡಿಕೆ ತೋರಿಸಿ, "ಜೋತ ಬೀಳು," ಎಂದಳು. ಅವನು ಬಾವಲಿಯಂತೆ ಜೋತುಬಿದ್ದ, ಹಿಡಿಕೆ ಅಲುಗಲಿಲ್ಲ. ಆಮೇಲೆ ಅವಳೇ ನೆಲದಲ್ಲಿ ಕುಳಿತು, ಬಿದ್ದವರ ಕೈಗೂ ಗಂಟೆಯ ಗುಂಡಿ ಎಟಕುವುದೇ ಎಂದು ನೋಡಿ, ಒತ್ತಿ, ಎಣಿಸತೊಡಗಿದಳು. ಇಪ್ಪತ್ತಾಗುವುದರೊಳಗೆ ಇಬ್ಬರು ಓಡಿಬಂದರು.

"ಇದು ಖರೆ," ಎಂದಳು. "ಅಕ್ಕಾರ, ಈಗ ನೀವು ಹೊರಗ ಕುಂದರ್ರಿ. ಇಲ್ಲಿ ಇರಾವರನ್ನ ಕೇಳತೇನಿ."

ರೊಟ್ಟಿ ಬಿಸಿ ಇರುತ್ತದೆಯೇ, ಯಾರಾದರೂ ಗದರುತ್ತಾರೆಯೇ, ಗುಡಿಗೆ ಹೋಗಬೇಕೆನಿಸಿದರೆ ಬಿಡುತ್ತಾರೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಎಲ್ಲಕ್ಕೂ ಒಳ್ಳೆಯ ಉತ್ತರವೇ ಬಂತು. ತಾನೊಬ್ಬನೇ ಬಂದಿದ್ದರೆ ಗೋಡೆಯ ಬಣ್ಣ ನೋಡಿ ಒಪ್ಪಿಬಿಡುತ್ತಿದ್ದೆ ಎಂದು ರಾಚಪ್ಪ ಮನಸ್ಸಿನಲ್ಲೇ ಅವ್ವನಿಗೆ ಕೈಮುಗಿದ.

"ಇನ್ನೊಂದ ಉಳದೈತಿ. ನಿದ್ದಿ," ಎಂದು ಅವಳು ಕಿಟಕಿಯ ಪಕ್ಕದ ಖಾಲಿ ಖೋಲಿಯಲ್ಲಿ ಅಡ್ಡಾದಳು.

ಬೇವಿನೆಲೆ ಉದುರಿದರೂ ಕೇಳುವಂಥ ಶಾಂತಿ. ಐದು ನಿಮಿಷಕ್ಕೆ ಶಂಕ್ರೆವ್ವ ದಡಕ್ಕನೆ ಎದ್ದು ಕುಳಿತಳು. "ಕರೆಂಟ್ ಹೋತೇನ?"

"ಕರೆಂಟ್ ಐತಿ ಬೇ ಯಕ್ಕಾ, ಮಗ್ಗ ಇಲ್ಲ," ಎಂದು ಪಕ್ಕದ ಖೋಲಿಯಿಂದ ಉತ್ತರ ಬಂತು. ರಬಕವಿಯ ಮುದಕಪ್ಪ, ಅವನೂ ನೇಕಾರ. "ನಾ ಬಂದ ನಾಕ ತಿಂಗಳಾತು. ಇಲ್ಲಿ ಎಲ್ಲಾ ಐತಿ, ನಿದ್ದಿ ಒಂದ ಬರವಲ್ದು."

"ನನಗೂ ಅಷ್ಟ," ಎಂದಳು ಎದುರು ಖೋಲಿಯ ತಾಯವ್ವ. ಅವಳದೂ ನೇಕಾರರ ಮನೆತನವೇ.

ಶಂಕ್ರೆವ್ವ ಮೂಲೆಯಲ್ಲಿದ್ದ ಊಟದ ತಾಟಿನತ್ತ ಬೆರಳು ತೋರಿಸಿದಳು. "ರಾಚಪ್ಪಾ, ಆ ತಾಟು ಚಮಚಾ ತಗೊಂಡ ಪಡಸಾಲ್ಯಾಗ ಕುಂದರು. ಬಡಿ."

ಅವನು ಬಡಿದ. ಖಟಕ್, ಖಟಕ್.

"ಇದು ಧರೆಪ್ಪನ ಮಗ್ಗ ಆತು. ನಮ್ಮದು ಇನ್ನೂ ಜಲ್ದಿ ಐತಿ."

"ಅತ್ತಿತ್ತ ಓಡೂ ಲಾಳಿ ಸಪ್ಪಳ ಎಲ್ಲಿ?" ಎಂದ ಮುದಕಪ್ಪ.

ಲಾಳಿಗಾಗಿ ರಾಚಪ್ಪ ಕಾಲಿನಿಂದ ಬಕೀಟು ಒದೆಯತೊಡಗಿದ. ಹತ್ತು ನಿಮಿಷದಲ್ಲಿ ಮೂರು ಖೋಲಿಗಳಿಂದಲೂ ಗೊರಕೆ ಕೇಳಿತು. ಕೈ ಸೋತು ನಿಲ್ಲಿಸಿದ. ಮೂರೂ ಕಡೆಯಿಂದ ಒಮ್ಮೆಲೇ, "ಕರೆಂಟ್ ಹೋತೇನ?"

ಒಂದೂಕಾಲು ತಾಸು ಬಡಿದ.

ಎದ್ದ ಶಂಕ್ರೆವ್ವ ಸರಿತಾಳ ಕೈ ಹಿಡಿದುಕೊಂಡಳು. "ಮನಿ ಬಂಗಾರ ಐತಿ ಅಕ್ಕಾರ. ಯಾರರ ಕೇಳಿದರ ಇಲ್ಲಿಗೇ ಹೋಗರಿ ಅಂತೇನಿ. ಆದರ ನನಗ ಮಗ್ಗದ ಸಪ್ಪಳ ಬೇಕ್ರೀ." ಮಗನತ್ತ ತಿರುಗಿ, "ನಮ್ಮ ಬಚ್ಚಲಕ್ಕೂ ಇಂಥಾ ಹಿಡಿಕಿ ಹಾಕಸು, ನೆಲಕ್ಕ ಒರಟ ಫರಸಿ ಕಲ್ಲ ಹಾಕಸು. ಗಂಟಿ ಮಾತ್ರ ಬ್ಯಾಡ, ಕೇಳಂಗಿಲ್ಲ. ಮಗ್ಗ ಬಂದ್ ಆಗೂ ಗುಂಡಿ ಹಚ್ಚಸು. ನಮ್ಮ ಮಗ್ಗ ಅಷ್ಟ ನಿಂತರ ಏನಾತು ಅಂತ ಇಡೀ ಓಣಿ ಓಡಿ ಬರತೈತಿ," ಎಂದಳು.

ಮಗ್ಗದ ಸಪ್ಪಳ ಬೇಕೆಂಬುದನ್ನು ಸರಿತಾ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಹಿಡಿಕೆ, ಫರಸಿ ನಾಳೆಗೆ ಎಂದಾಯಿತು. ಗುಂಡಿಯನ್ನು ಮಾತ್ರ ಕರೆಂಟ್ ಕೆಲಸದ ನಿಂಗಣ್ಣ ಅಂದು ಸಂಜೆಯೇ ಬಚ್ಚಲದ ಗೋಡೆಗೆ, ನೆಲದಿಂದ ಮೊಳದೆತ್ತರಕ್ಕೆ ಹಚ್ಚಿಕೊಟ್ಟ.

"ಬಿದ್ದಾವರ ಕೈಗೆ ಸಿಗತೈತೋ ಇಲ್ಲೋ ನೋಡೂಣು. ರಾಚಪ್ಪಾ, ಬಿದ್ದ ತೋರಸು," ಎಂದಳು ಶಂಕ್ರೆವ್ವ.

ರಾಚಪ್ಪ ಮಗ್ಗ ಚಾಲೂ ಮಾಡಿ ಬಂದು, ಮೆಲ್ಲಗೆ ಬೀಳೋಣ ಎಂದು ಒಳಗೆ ಕಾಲಿಟ್ಟ. ಕಾಲ ಕೆಳಗೆ ಬೆಳಗಿನ ಸಾಬೂನಿತ್ತು. ಅವನು ಸಿದ್ಧನಾಗುವ ಮೊದಲೇ ಬಿದ್ದಾಗಿತ್ತು. ಹೊರಳಾಡುತ್ತ ಗುಂಡಿ ಒತ್ತಿದ. ನಾಲ್ಕೂ ಮಗ್ಗ ಗಪ್ಪಾದವು. ಮಾಯವ್ವ, ಧರೆಪ್ಪ, ಅರ್ಧ ಓಣಿ ಒಳಗೆ ನುಗ್ಗಿತು.

"ಇಪ್ಪತ್ತ ಆಗೂದರಾಗ ಬಂದ್ರಿ!" ಎಂದು ಶಂಕ್ರೆವ್ವ ಹಿಗ್ಗಿದಳು.

"ಯವ್ವಾ, ಕಾಲೂ!" ಎಂದು ರಾಚಪ್ಪ ಚೀರಿದ.

"ಪಾರ್ಟ್ ಭಾಳ ಛಲೋ ಮಾಡತಿ ಬಿಡಲೇ," ಎಂದು ಧರೆಪ್ಪ ಮೆಚ್ಚಿಕೊಂಡ.

ಪಾರ್ಟ್ ಅಲ್ಲವೆಂದು ಡಾಕ್ಟರು ಹೇಳಿದರು. ಆರು ವಾರ ಪ್ಲಾಸ್ಟರು, ನೆಲಕ್ಕೆ ಕಾಲಿಡುವಂತಿಲ್ಲ. ಮಂಗಲಾಳಿಗೆ ಶಾಲೆ, ಎತ್ತಿ ಕೂರಿಸುವವರು ಯಾರು ಎಂದು ಎಲ್ಲರೂ ತಲೆಯ ಮೇಲೆ ಕೈಹೊತ್ತರು.

"ಚಿಂತಿ ಯಾಕ?" ಎಂದಳು ಶಂಕ್ರೆವ್ವ. "ಖೋಲಿ ನಾ ನೋಡಿ ಬಂದೇನಿ."

ಮರುದಿನ ಬೆಳಿಗ್ಗೆ ಮಾಯವ್ವ ಇನ್ನೊಂದು ತೆಂಗಿನಕಾಯಿ ತಂದಳು. ಗಂಡಸಿಗೆ ಉಡಿ ತುಂಬುವುದು ಹೇಗೆಂದು ತಿಳಿಯದೆ ಅವನ ಪ್ಲಾಸ್ಟರಿನ ಪಕ್ಕ ಇಟ್ಟು ಅತ್ತಳು.

ಕಿಟಕಿಯ ಪಕ್ಕದ ಖೋಲಿ. ಬಿಸಿ ರೊಟ್ಟಿ ಬಂತು, ಗುಳಿಗೆ ಹೊತ್ತಿಗೆ ಬಂತು. ಅವ್ವನ ಆಯ್ಕೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಮಧ್ಯಾಹ್ನ ರಾಚಪ್ಪ ಕಣ್ಣು ಮುಚ್ಚಿದ. ಐದು ನಿಮಿಷಕ್ಕೆ ಕಣ್ಣು ಬಿಟ್ಟ.

"ಕರೆಂಟ್ ಹೋತೇನ್ರೀ?"

"ಹೋಗಿತ್ತರಿ, ಈಗ ಬಂತಲ್ಲ," ಎನ್ನುತ್ತ ಮುದಕಪ್ಪ ತಾಟು ಚಮಚ ತಂದು ಅವನ ಕೈಗಿಟ್ಟ. ತಾಯವ್ವ ಬಕೀಟನ್ನು ಅವನ ಪ್ಲಾಸ್ಟರಿಲ್ಲದ ಕಾಲಿನ ಹತ್ತಿರ ಸರಿಸಿದಳು.

ಖಟಕ್, ಖಟಕ್. ಹತ್ತು ನಿಮಿಷದಲ್ಲಿ 'ತಂಪುನೆರಳು' ಪೂರಾ ನಿದ್ದೆಹೋಯಿತು. ಎಚ್ಚರಿದ್ದವನು ರಾಚಪ್ಪ ಒಬ್ಬನೇ. ಮಗ್ಗಕ್ಕೆ ಎಲ್ಲಿಯ ನಿದ್ದೆ?